ತೊಡೆ ತಟ್ಟುವ ಸಾಕ್ಷಿ

ಸಿನಿಮಾದವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಸಾಕ್ಷಿ ಎಂದು. ಮೇಕಪ್ಪಿನವರಿಗೆ ಅವನು ಸಾಕ್ಷಿ ಸಾರ್, ಹಳೆಯ ನಿರ್ದೇಶಕರಿಗೆ ಬರೀ ಸಾಕ್ಷಿ, ಬೀದಿಯಲ್ಲಿ ಗುರುತು ಹಿಡಿದವರಿಗೆ "ಅಯ್ಯೋ, ಆ ಸಾಕ್ಷಿ ನೀವೇ ಅಲ್ವಾ!" ಹೆತ್ತವರು ಇಟ್ಟ ಹೆಸರು ಮತದಾರರ ಚೀಟಿಯ ಮೇಲಷ್ಟೇ ಉಳಿದಿತ್ತು.

ಅವನು ಪೋಷಕ ನಟ. ನಾಯಕನ ಅಪ್ಪ, ನಾಯಕಿಯ ಸೋದರಮಾವ, ವಕೀಲ, ಡಾಕ್ಟರು, ಕೊನೆಕೊನೆಗೆ ಮನೆಮನೆಯ ಟೀವಿಯಲ್ಲಿ ತಾತ. ಎದೆ ಹಿಡಿದುಕೊಂಡು ಅವನು ಕುಸಿದು ಬಿದ್ದಷ್ಟು ಸಲ ಇನ್ಯಾರೂ ಬಿದ್ದಿರಲಿಕ್ಕಿಲ್ಲ. ಕೈತುಂಬ ಕೆಲಸವಿದ್ದ ಕಾಲದಲ್ಲಿ ಬೆಳಿಗ್ಗೆ ಒಂದು ಸ್ಟುಡಿಯೋದಲ್ಲಿ ಮಗಳನ್ನು ಮನೆಯಿಂದಾಚೆ ಹಾಕಿ, ಮಧ್ಯಾಹ್ನ ಇನ್ನೊಂದು ಸ್ಟುಡಿಯೋದಲ್ಲಿ ಇನ್ಯಾರೋ ಮಗಳನ್ನು ಅಪ್ಪಿಕೊಂಡು ಗೊಳೋ ಎಂದು ಅಳುತ್ತಿದ್ದ. ಹೇಳಿದ ಹೊತ್ತಿಗೆ ಬರುತ್ತಿದ್ದ, ಮಾತು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದ, ತನ್ನ ಸರದಿ ಬರುವವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಯಾರ ತಂಟೆಗೂ ಹೋಗದೆ ಕಾಯುತ್ತಿದ್ದ. ಅಂಥವನನ್ನು ಯಾರು ಬೇಡವೆನ್ನುತ್ತಾರೆ?

ಒಂದು ವಿಷಯ ಮಾತ್ರ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹೆಸರು ತಂದುಕೊಟ್ಟ ಆ ಮೊದಲ ಪಾತ್ರವನ್ನು ಒಂಚೂರು ಮಾಡಿ ತೋರಿಸಿ ಎಂದರೆ ಅವನ ಮುಖ ಇಳಿದುಹೋಗುತ್ತಿತ್ತು. ಗಂಟಲು ಸರಿಯಿಲ್ಲ ಎನ್ನುತ್ತಿದ್ದ. ಬಲವಂತ ಮಾಡಿದರೆ ಎದ್ದು ಹೋಗಿಬಿಡುತ್ತಿದ್ದ. ಎಂಥ ವಿನಯ ನೋಡಿ ಎಂದು ಹೊಸಬರು ಮಾತಾಡಿಕೊಳ್ಳುತ್ತಿದ್ದರು. ಅದು ವಿನಯವಾಗಿರಲಿಲ್ಲ.

ಅವನಿಗೊಬ್ಬ ಅಣ್ಣನಿದ್ದ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅಣ್ಣ ಶಾಲೆ ಬಿಟ್ಟು ಹೊಲಿಗೆ ಕಲಿತ. ಬೀದಿಗೆ ಮುಖ ಮಾಡಿದ ಅಂಗಡಿ, ಅದರ ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದು ಪರದೆ. ಪರದೆಯ ಆಚೆ ಮಿಷನ್ನಿನ ಸದ್ದು, ಈಚೆ ಅತ್ತಿಗೆಯ ಪಾತ್ರೆಯ ಸದ್ದು. ತಮ್ಮ ಬೆಳೆದದ್ದು ಈ ಎರಡು ಸದ್ದುಗಳ ಮಧ್ಯೆ. ಅಣ್ಣ ಕೋಟು ಕತ್ತರಿಸಲು ನಿಂತರೆ ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು, ಕತ್ತರಿ ಬಟ್ಟೆಯೊಳಗೆ ಹಾಗೆ ಈಜುತ್ತಿತ್ತು.

ಅಣ್ಣನಿಗೆ ಮಾತು ತೊದಲುತ್ತಿತ್ತು. ಚಿಕ್ಕಂದಿನಿಂದಲೂ ಹಾಗೆ. ಯಾವುದೋ ಒಂದು ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡರೆ ಕುತ್ತಿಗೆ ಉಬ್ಬಿ, ಕಣ್ಣು ಮೇಲೆ ಹೋಗುತ್ತಿತ್ತು. ಆದರೆ ಅದಕ್ಕೊಂದು ಉಪಾಯವನ್ನು ತಾನೇ ಕಂಡುಕೊಂಡಿದ್ದ. ಅಂಗೈಯಿಂದ ತೊಡೆಯ ಮೇಲೆ ಪಟ್ಟೆಂದು ಒಂದೇಟು. ಬೀಗ ತೆಗೆದ ಹಾಗೆ ಮಾತು ಹೊರಗೆ ಬಂದುಬಿಡುತ್ತಿತ್ತು, ತುಸು ಎತ್ತರದ ದನಿಯಲ್ಲಿ, ತಾನು ಹೊರಬಂದದ್ದಕ್ಕೆ ತಾನೇ ಬೆರಗಾದ ಹಾಗೆ. ಆ ಏಟಿನ ಬಲದಿಂದ ಅಣ್ಣ ಲೋಕದ ಮಾತೆಲ್ಲ ಆಡುತ್ತಿದ್ದ. ಗಿರಾಕಿಗಳೊಡನೆ ಚೌಕಾಸಿ, ಅತ್ತಿಗೆಯೊಡನೆ ಜಗಳ, ಪುಟ್ಟ ಮಗಳಿಗೆ ಕಥೆ. ಕಥೆಯಲ್ಲಿ ರಾಕ್ಷಸ ಬರುವ ಹೊತ್ತಿಗೆ ಸರಿಯಾಗಿ ಮಾತು ಸಿಕ್ಕಿಕೊಂಡು ಪಟ್ಟೆಂದು ಏಟು ಬೀಳುತ್ತಿದ್ದರಿಂದ ಮಗುವಿಗೆ ಅದೂ ಕಥೆಯ ಒಂದು ಭಾಗವೇ ಆಗಿತ್ತು. ತೊಡೆ ತಟ್ಟುವುದೆಂದರೆ ಕುಸ್ತಿಗೆ ಕರೆಯುವುದು ಎಂದು ಬೇರೆಯವರಿಗೆ ಅರ್ಥ. ಆ ಬೀದಿಯಲ್ಲಿ ಮಾತ್ರ ಟೈಲರ್ ಮಾಸ್ಟರು ಏನೋ ಹೇಳಲಿದ್ದಾರೆ ಎಂದು ಅರ್ಥ.

ತಮ್ಮನಿಗೆ ನಾಟಕದ ಹುಚ್ಚು. ನಾಟಕದ ಕಂಪನಿ ಸೇರುತ್ತೇನೆ ಎಂದಾಗ ಅತ್ತಿಗೆ ಮುಖ ಗಂಟು ಹಾಕಿದಳು. ಅಣ್ಣ ಮಾತ್ರ ಗುಂಡುಸೂಜಿಗಳನ್ನು ತುಟಿಯ ಮೂಲೆಯಲ್ಲಿ ಕಚ್ಚಿಕೊಂಡೇ "ಹೋ... ಹೋ..." ಎಂದು ತಡವರಿಸಿ, ತೊಡೆಗೊಂದು ಏಟು ಹಾಕಿ, "ಹೋಗ್ಲಿ ಬಿಡೇ!" ಎಂದ. ಕಂಪನಿಗೆ ಬೇಕಾದ ರಾಜನ ಅಂಗಿಯನ್ನೂ ಸೈನಿಕರ ಅಂಗಿಗಳನ್ನೂ ತಾನೇ ಹೊಲಿದುಕೊಟ್ಟ.

ಕೆಲವು ವರ್ಷ ನಾಟಕದಲ್ಲಿ ಓಡಾಡಿದ ಮೇಲೆ ತಮ್ಮನಿಗೆ ಒಂದು ಸಿನಿಮಾದಲ್ಲಿ ಚಿಕ್ಕ ಪಾತ್ರ ಸಿಕ್ಕಿತು. ಕೋರ್ಟಿನ ದೃಶ್ಯ. ಕಟಕಟೆಯಲ್ಲಿ ನಿಂತು, ತಾನು ಹೇಳುವುದೆಲ್ಲ ಸತ್ಯ, ಈ ಮನುಷ್ಯನನ್ನು ಅಲ್ಲಿ ನೋಡಿದ್ದೇನೆ ಎಂದರೆ ಮುಗಿಯಿತು. ಮುಗಿಯಲಿಲ್ಲ. ಎಷ್ಟು ಸಲ ಹೇಳಿದರೂ ನಿರ್ದೇಶಕರು ಕೈ ಆಡಿಸಿ ಮತ್ತೆ ಎನ್ನುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತು ಮೀರುತ್ತಿತ್ತು. ದೀಪಗಳ ಕಾವಿಗೆ ಬಣ್ಣ ಕರಗಿ ಕತ್ತಿನೊಳಗೆ ಇಳಿಯುತ್ತಿತ್ತು. ಲೈಟಿನವರು ಕೇಳಿಸುವಂತೆಯೇ ಗೊಣಗುತ್ತಿದ್ದರು.

"ಏನ್ರೀ, ಪಾಠ ಒಪ್ಪಿಸ್ತಿದೀರಾ?" ಎಂದು ನಿರ್ದೇಶಕರು ರೇಗಿದರು. "ಸಾಕ್ಷಿ ಹೇಳೋನಿಗೆ ಜೀವ ಬೇಡ್ವಾ? ಇದೇ ಕೊನೆ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನಿಲ್ಲಿಸ್ತೀನಿ."

ತಮ್ಮ ಮತ್ತೆ ಕಟಕಟೆಯ ಹಲಗೆ ಹಿಡಿದು ನಿಂತ. ಕ್ಯಾಮೆರಾ ಓಡತೊಡಗಿತು. "ಸ್ವಾಮಿ, ನಾನು ಹೇಳೋದೆಲ್ಲಾ ಸ..." ಎಂದ. ಅಲ್ಲಿಗೆ ನಿಂತ. ಕುತ್ತಿಗೆ ಉಬ್ಬಿತು, ಕಣ್ಣು ಮೇಲೆ ಹೋಯಿತು. "ಸ... ಸ..." ಕಟಕಟೆಯ ಹಲಗೆಯ ಮೇಲಿದ್ದ ಕೈ ಕೆಳಗಿಳಿದು ತೊಡೆಗೆ ಬಡಿಯಿತು. "ಸತ್ಯ!"

ನ್ಯಾಯಾಧೀಶನ ಪಾತ್ರ ಮಾಡುತ್ತಿದ್ದ ಹಿರಿಯ ನಟ ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟು ನಕ್ಕ. ಲೈಟಿನವರು ನಕ್ಕರು. ಊಟ ತಡವಾದದ್ದು ಎಲ್ಲರಿಗೂ ಮರೆತುಹೋಯಿತು. ನಿರ್ದೇಶಕರು ಬಂದು ಅವನ ಭುಜ ಹಿಡಿದು ಅಲ್ಲಾಡಿಸಿ, "ಎಲ್ಲಿ ಹಿಡಿದ್ಯೋ ಮಾರಾಯ ಈ ಆಸಾಮೀನ?" ಎಂದರು. ತಮ್ಮ ಬರೀ ನಕ್ಕ. ಸಂಜೆಯೊಳಗೆ ಪಾತ್ರ ಬೆಳೆಯಿತು. ಸಾಕ್ಷಿಗೆ ಇನ್ನೂ ನಾಲ್ಕಾರು ದೃಶ್ಯಗಳನ್ನು ಬರೆದರು, ಪ್ರತಿಯೊಂದರಲ್ಲೂ ಒಂದು ಏಟು.

ಮನೆಗೆ ಹೋಗಿ ಹೇಳಬೇಕು ಎಂದುಕೊಂಡ. ಹೇಳಲಿಲ್ಲ. ಚಿತ್ರ ಓಡುತ್ತದೋ ಇಲ್ಲವೋ, ಓಡಿದರೂ ಆ ಭಾಗ ಉಳಿಯುತ್ತದೋ ಇಲ್ಲವೋ, ಈಗಲೇ ಯಾಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಚಿತ್ರ ಬಿಡುಗಡೆಯಾದ ದಿನ ಅಣ್ಣ ಅಂಗಡಿ ಮುಚ್ಚಿದ. ಬೀದಿಯವರನ್ನೆಲ್ಲ ತಾನೇ ಕರೆದ. ತಮ್ಮನಿಗೆಂದು ಹೊಲಿದ ಹೊಸ ಕೋಟನ್ನು ತೊಡಿಸಿ, ಪಕ್ಕದಲ್ಲೇ ಕೂರಿಸಿಕೊಂಡ. ಕೋರ್ಟಿನ ದೃಶ್ಯ ಬಂತು. ತೆರೆಯ ಮೇಲೆ ತಮ್ಮ ಬಾಯಿ ತೆರೆದು, ಸಿಕ್ಕಿಕೊಂಡು, ತೊಡೆಗೆ ಹೊಡೆದ. ಥಿಯೇಟರು ಹೋ ಎಂದು ಎದ್ದು ಕೂತಿತು. ಹಿಂದಿನ ಸಾಲಿನಿಂದ ಬೀದಿಯವರು ಯಾರೋ "ಅಯ್ಯಯ್ಯೋ, ನಮ್ಮ ಮಾಸ್ಟ್ರು ಕಣ್ರೋ!" ಎಂದು ಕೂಗಿದರು. ಮತ್ತೆ ನಗು.

ತಮ್ಮ ಕತ್ತು ತಿರುಗಿಸದೆ ಕಣ್ಣಂಚಿನಲ್ಲೇ ನೋಡಿದ. ಅಣ್ಣನ ಬಲಗೈ ತೊಡೆಯ ಮೇಲಿತ್ತು. ಅದನ್ನು ಅವನು ಮೆಲ್ಲಗೆ ಎತ್ತಿ, ಸೀಟಿಗೂ ತೊಡೆಗೂ ಮಧ್ಯೆ ತೂರಿಸಿ ಅದರ ಮೇಲೆ ಕೂತುಕೊಂಡ.

ಹೊರಗೆ ಬಂದ ಮೇಲೆ ಜನ ಮುತ್ತಿಕೊಂಡು ತಮ್ಮನ ಬೆನ್ನು ತಟ್ಟುತ್ತಿದ್ದರು. ಅಣ್ಣ ಹತ್ತಿರ ಬಂದು, "ಚೆ... ಚೆ..." ಎಂದ. ಕುತ್ತಿಗೆ ಉಬ್ಬಿತು. ಕೈ ಅರ್ಧ ಮೇಲೆದ್ದಿತು. ಸುತ್ತಲಿದ್ದವರು ನಗಲು ಸಿದ್ಧರಾಗಿ ನೋಡುತ್ತಿದ್ದರು. ಕೈ ಕೆಳಗಿಳಿಯಿತು. ಚೆನ್ನಾಗಿತ್ತು ಎನ್ನುವ ಮಾತು ಹೊರಗೆ ಬರಲಿಲ್ಲ. ಅಣ್ಣ ತಲೆಯಾಡಿಸಿ ನಡೆದುಬಿಟ್ಟ.

ಚಿತ್ರ ತಿಂಗಳುಗಟ್ಟಲೆ ಓಡಿತು. ತಮ್ಮನಿಗೆ ಸಾಕ್ಷಿ ಎಂಬ ಹೆಸರು ಅಂಟಿಕೊಂಡಿತು, ಅಣ್ಣನಿಗೂ ಅಂಟಿಕೊಂಡಿತು. ಅಂಗಡಿಗೆ ಬಂದವರು "ಸತ್ಯ ಹೇಳಿ ಮಾಸ್ಟ್ರೇ, ಪ್ಯಾಂಟು ಯಾವತ್ತು ಕೊಡ್ತೀರಾ?" ಎಂದು ತಮ್ಮ ತೊಡೆ ತಾವೇ ತಟ್ಟಿಕೊಂಡು ನಗುತ್ತಿದ್ದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಬೇಕಾದವರೇ, ಸಲಿಗೆಯಿಂದಲೇ ನಗುತ್ತಿದ್ದರು. ಅಣ್ಣ ಅಂದಿನಿಂದ ತೊಡೆ ತಟ್ಟುವುದನ್ನು ಬಿಟ್ಟ. ಅದು ಬಿಟ್ಟ ಮೇಲೆ ಮಾತು ಬರಲಿಲ್ಲ. ಮಾತು ಬಾರದ ಮೇಲೆ ಮಾತಾಡುವುದನ್ನೇ ಬಿಟ್ಟ. ಕತ್ತರಿಸುವ ಮೇಜನ್ನು ಬೀದಿಯ ಕಡೆಯಿಂದ ಪರದೆಯ ಈಚೆಗೆ ಎಳೆದುಕೊಂಡ. ಮುಂದೆ ಕೂತು ಗಿರಾಕಿಗಳೊಡನೆ ಮಾತಾಡಲು ಅತ್ತಿಗೆ ಹೋದಳು.

ತಮ್ಮ ಅಷ್ಟರಲ್ಲಿ ಸ್ಟುಡಿಯೋಗಳ ಹತ್ತಿರ ಮನೆ ಮಾಡಿದ್ದ. ಬಂದಾಗಲೆಲ್ಲ ಕೈತುಂಬ ಹಣ್ಣು, ಬಾಯಿತುಂಬ ಶೂಟಿಂಗಿನ ಸುದ್ದಿ. ಯಾವ ನಾಯಕ ಕುದುರೆಯಿಂದ ಬಿದ್ದ, ಯಾವ ನಾಯಕಿಗೆ ಬೆಕ್ಕು ಕಂಡರೆ ಭಯ ಎಂದೆಲ್ಲ ಉಸಿರು ತೆಗೆದುಕೊಳ್ಳದೆ ಹೇಳುತ್ತಿದ್ದ. ಮಾತು ನಿಲ್ಲಿಸಿದರೆ ಆ ಮನೆಯ ಮೌನ ಕೇಳಿಸಿಬಿಡುತ್ತದೆ ಎಂದು ಅವನಿಗೆ ಹೆದರಿಕೆ. ಒಂದು ಸಲ ಹೊರಟು ನಿಂತಾಗ ಅತ್ತಿಗೆ ಬಾಗಿಲವರೆಗೆ ಬಂದಳು.

"ಮಗು ಕಥೆ ಕೇಳತ್ತೆ ಕಣಪ್ಪ," ಎಂದಳು. "ಇವ್ರು ಚಿತ್ರ ಬರೆದು ತೋರಿಸ್ತಾರೆ. ನನ್ನ ಹತ್ರ ಜಗಳಾನೂ ಆಡಲ್ಲ ಈಗ."

"ಒಂದಿನ ಕೂತು ಮಾತಾಡ್ತೀನಿ ಅತ್ತಿಗೆ."

"ಮಾತಾಡು," ಎಂದಳು ಅತ್ತಿಗೆ. ಆ ಒಂದು ದಿನ ಬರಲಿಲ್ಲ.

ಆಮೇಲೆ ಅದಕ್ಕಿಂತ ಕೆಟ್ಟದ್ದು ನಡೆಯಿತು. ಒಂದು ಸಿನಿಮಾ ವಾರಪತ್ರಿಕೆಯವನು ಬಂದು, ಆ ಪಾತ್ರ ನಿಮಗೆ ಎಲ್ಲಿಂದ ಹೊಳೆಯಿತು ಎಂದು ಕೇಳಿದ. ತಮ್ಮನ ಬಾಯಲ್ಲಿ ಅಣ್ಣ ಎಂಬ ಮಾತು ತುದಿಯವರೆಗೆ ಬಂದಿತ್ತು. ಹೇಳಿದರೆ ಅಣ್ಣನ ಫೋಟೋ ತೆಗೆಯಲು ಹೋಗುತ್ತಾರೆ, ಅವನ ಸಂಕಟ ಇನ್ನೂ ಹೆಚ್ಚಾಗುತ್ತದೆ ಎಂದು ಒಂದು ಕಾರಣ ಸಿಕ್ಕಿತು. ಇನ್ನೊಂದು ಕಾರಣವೂ ಇತ್ತು, ಅದನ್ನು ಅವನು ತನಗೂ ಹೇಳಿಕೊಳ್ಳಲಿಲ್ಲ. ಅಣ್ಣನದು ಎಂದರೆ ತನ್ನದೇನೂ ಇಲ್ಲ ಎಂದಾಗುತ್ತಿತ್ತು. "ಒಂದ್ಸಲ ಬಸ್ ಸ್ಟ್ಯಾಂಡಲ್ಲಿ ಯಾರೋ ಒಬ್ಬನ್ನ ನೋಡಿದ್ದೆ," ಎಂದ. "ನಟನಾದವನು ಕಣ್ಣು ಬಿಟ್ಕೊಂಡಿರ್ಬೇಕು ನೋಡಿ." ಆ ಮಾತನ್ನು ಪತ್ರಿಕೆಯವನು ಮೆಚ್ಚಿ ದಪ್ಪಕ್ಷರದಲ್ಲಿ ಹಾಕಿದ.

ವರ್ಷಗಳು ಉರುಳಿದವು. ತೊದಲುವ ಪಾತ್ರಗಳು ಸಾಲುಸಾಲಾಗಿ ಬಂದರೂ ಒಂದನ್ನೂ ಒಪ್ಪಲಿಲ್ಲ. ಒಂದೇ ಅಚ್ಚಿಗೆ ಬೀಳದ ಕಲಾವಿದ ಎಂದು ಅದಕ್ಕೂ ಹೊಗಳಿಕೆ ಸಿಕ್ಕಿತು. ಪ್ರಶಸ್ತಿ ಕೊಡುವಾಗ ಅವನ ಗಮನಿಸುವ ಶಕ್ತಿಯನ್ನು ಕೊಂಡಾಡಿದರು. ಶಾಲು ಹೊದ್ದುಕೊಂಡು ನಿಂತವನಿಗೆ ಕಳ್ಳಮಾಲಿನ ಜೊತೆ ಸಿಕ್ಕಿಬಿದ್ದ ಹಾಗೆ ಆಗುತ್ತಿತ್ತು. ಸಿನಿಮಾದಲ್ಲಿ ಹೊಸ ಅಪ್ಪಂದಿರು ಬಂದ ಮೇಲೆ ಅವನು ಟೀವಿಗೆ ಬಂದ. ಧಾರಾವಾಹಿಗಳಲ್ಲಿ ವರ್ಷಾನುಗಟ್ಟಲೆ ಒಂದೇ ಸೋಫಾದ ಮೇಲೆ ಕೂತು ಮನೆಯವರ ಜಗಳ ಬಿಡಿಸಿದ. ತನ್ನ ಮನೆಯ ವಿಷಯಕ್ಕೆ ಬಂದರೆ ನಾಲಿಗೆ ಏಳುತ್ತಿರಲಿಲ್ಲ. ಅತ್ತಿಗೆ ತೀರಿಕೊಂಡಾಗ ಹೋಗಿ ಅಣ್ಣನ ಪಕ್ಕ ಕೂತಿದ್ದ. ಆಗಲೂ ಹೇಳಲಿಲ್ಲ. ಇದು ಅದಕ್ಕೆ ಹೊತ್ತಲ್ಲ ಎಂದುಕೊಂಡ.

ವಯಸ್ಸಾದ ಮೇಲೆ ಒಂದು ವಾಹಿನಿಯವರು ಹಾಸ್ಯ ಸ್ಪರ್ಧೆಗೆ ತೀರ್ಪುಗಾರನಾಗಿ ಕರೆದರು. ಎತ್ತರದ ಕೆಂಪು ಕುರ್ಚಿ, ಮುಂದೆ ಮೈಕು. ಒಂದು ದಿನ ಯುವತಿಯೊಬ್ಬಳು ವೇದಿಕೆಗೆ ಬಂದು ಅವನಿಗೆ ಕೈಮುಗಿದು, "ಇದು ನಮ್ಮ ಸಾಕ್ಷಿ ಸಾರ್‌ಗೆ ನನ್ನ ಕಾಣಿಕೆ," ಎಂದಳು. ಅವನು ಬೇಡ ಎನ್ನುವಷ್ಟರಲ್ಲಿ ಶುರುಮಾಡಿದ್ದಳು. ಹುಡುಗಿ ಪ್ರತಿಭಾವಂತೆ. ಕುತ್ತಿಗೆ ಉಬ್ಬಿದ್ದು, ಕಣ್ಣು ಮೇಲೆ ಹೋದದ್ದು, ಎಲ್ಲ ಥೇಟ್ ಹಾಗೇ. ಅವಳು ಮಾಡುತ್ತಿದ್ದದ್ದು ತನ್ನನ್ನಲ್ಲ, ಅವಳು ಎಂದೂ ನೋಡಿರದ ಅಣ್ಣನನ್ನು ಎಂದು ಅವನಿಗೆ ಗೊತ್ತಾಯಿತು. ಜನ ಚಪ್ಪಾಳೆ ತಟ್ಟಿ ನಗುತ್ತಿದ್ದರು. ನಿರೂಪಕ ಹೇಗಿತ್ತು ಸಾರ್ ಎಂದ.

"ಅದು ನಮ್ಮಣ್ಣ," ಎಂದುಬಿಟ್ಟ. "ಅವನನ್ನ ಕೇಳದೆ ಕದ್ದೆ. ಬಸ್ ಸ್ಟ್ಯಾಂಡಲ್ಲಿ ನೋಡಿದೆ ಅಂತ ಸುಳ್ಳು ಹೇಳಿದೆ. ನನ್ನಿಂದ ಅವನು ಮಾತು ಬಿಟ್ಟ." ಹೇಳುತ್ತ ಹೇಳುತ್ತ ಅತ್ತ.

ಆ ಕಂತು ಪ್ರಸಾರವಾಗುವ ದಿನ ಅಣ್ಣನ ಮನೆಗೆ ಫೋನು ಮಾಡಿ, ಇವತ್ತಿನದನ್ನು ತಪ್ಪದೆ ನೋಡಿ ಎಂದು ಅಣ್ಣನ ಮಗಳಿಗೆ ಹೇಳಿದ. ಈಗ ಅಂಗಡಿ ನಡೆಸುತ್ತಿದ್ದವಳು ಅವಳೇ. ತಾನೂ ಟೀವಿಯ ಮುಂದೆ ಕೂತ. ಯುವತಿ ಬಂದಳು, ನಟಿಸಿದಳು, ಜನ ನಕ್ಕರು. ಆಮೇಲೆ ತಾನು ಅಳುವುದು ಕಂಡಿತು, ಮಾತು ಕೇಳಿಸಲಿಲ್ಲ. ಅದರ ಮೇಲೆ ಪಿಟೀಲಿನ ಸಂಗೀತ ಹಾಕಿದ್ದರು. ತನ್ನ ಹಳೆಯ ಪಾತ್ರವನ್ನು ಮತ್ತೆ ನೋಡಿ ಹಿರಿಯ ನಟ ಭಾವುಕರಾದರು ಎಂದು ಕೆಳಗೆ ಅಕ್ಷರ ಓಡಿತು.

ನಿರ್ಮಾಪಕನಿಗೆ ಫೋನು ಮಾಡಿದರೆ, "ಸಾರ್, ಅದು ಸ್ವಲ್ಪ ಭಾರ ಆಗ್ತಿತ್ತು. ನಗಿಸೋ ಕಾರ್ಯಕ್ರಮ ಅಲ್ವಾ?" ಎಂದ.

ಅಣ್ಣ ಅದನ್ನು ನೋಡಿರುತ್ತಾನೆ ಎನ್ನುವುದು ಆಗ ನೆನಪಾಯಿತು. ಅಣ್ಣ ಕಂಡದ್ದು ಇಷ್ಟೇ, ತನ್ನ ತೊದಲಿಗೆ ಊರೆಲ್ಲ ಮತ್ತೊಮ್ಮೆ ನಕ್ಕಿದ್ದು, ತಮ್ಮ ಅದನ್ನು ಕಂಡು ಆನಂದಬಾಷ್ಪ ಸುರಿಸಿದ್ದು. ಅದನ್ನೇ ತಪ್ಪದೆ ನೋಡು ಎಂದು ತಾನೇ ಹೇಳಿ ಕಳಿಸಿದ್ದ.

ಮಾರನೆಯ ಬೆಳಿಗ್ಗೆ ಅಣ್ಣನ ಮನೆಗೆ ಹೋದ. ಅಣ್ಣನ ಮಗಳು ಮಿಷನ್ನಿನಿಂದ ತಲೆಯೆತ್ತಿ, "ಒಳಗಿದಾರೆ ಚಿಕ್ಕಪ್ಪ," ಎಂದಳು, ಕಾಫಿ ಬೇಕಾ ಎಂದು ಕೇಳಲಿಲ್ಲ. ಪರದೆಯ ಈಚೆ ಅಣ್ಣ ಕಿಟಕಿಯ ಬೆಳಕಿಗೆ ಹಿಡಿದು ಕೋಟಿನ ತೋಳಿಗೆ ಕೈಹೊಲಿಗೆ ಹಾಕುತ್ತಿದ್ದ. ತಮ್ಮ ನೆಲದ ಮೇಲೆ ಕೂತ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದನ್ನೆಲ್ಲ ಹೇಳತೊಡಗಿದ.

"ಅಣ್ಣ, ನಾನು ನಿನಗೆ ಮಾಡಿದ್ದು ಸಣ್ಣ ತಪ್ಪಲ್ಲ. ನಿನ್ನ ಮಾತನ್ನೇ ಕಿತ್ಕೊಂಡೆ. ಆ ಪಾಪ ನನ್ನ..."

ಅಷ್ಟರಲ್ಲಿ ಅವನಿಗೆ ತನ್ನ ದನಿ ಕೇಳಿಸಿತು. ಎಲ್ಲಿ ನಡುಗಬೇಕೋ ಅಲ್ಲಿ ನಡುಗುತ್ತಿತ್ತು, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯುತ್ತಿತ್ತು. ಧಾರಾವಾಹಿಗಳಲ್ಲಿ ಕ್ಷಮೆ ಕೇಳುವ ಅಪ್ಪಂದಿರ ದನಿ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡ. ನಿಜವಾಗಿ ಹೇಳುವುದು ಹೇಗೆಂದೇ ತನಗೆ ಮರೆತುಹೋಗಿದೆ ಅನಿಸಿತು. ಕೊನೆಗೆ ಬರೀ, "ಟೀವಿಯಲ್ಲಿ ಅದು ನೀನೇ ಅಂತ ಹೇಳಿದ್ದೆ. ಅವರು ಕತ್ತರಿಸಿಬಿಟ್ರು," ಎಂದ.

ಅಣ್ಣ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. ಮಾತಾಡಲು ಬಾಯಿ ತೆರೆದ. ಬಹಳ ಹೊತ್ತು ಏನೂ ಬರಲಿಲ್ಲ. ಹಳೆಯ ಕಾಲದ ತಮ್ಮನಾಗಿದ್ದರೆ ಆ ಖಾಲಿಯನ್ನು ತನ್ನ ಮಾತಿನಿಂದ ತುಂಬಿಬಿಡುತ್ತಿದ್ದ. ಇವತ್ತು ಕಾದ.

"ಬ... ಬಸ್... ಬಸ್ ಸ್ಟ್ಯಾಂಡಲ್ಲಿ," ಎಂದ ಅಣ್ಣ. ಬೆವರು ಒರೆಸಿಕೊಂಡ. "ನೋ... ನೋಡಿದ್ದು ಯಾರನ್ನ?"

"ಯಾರನ್ನೂ ಇಲ್ಲ. ಸುಳ್ಳು ಹೇಳಿದ್ದೆ."

"ಥಿಯೇಟರಲ್ಲಿ ನಾ... ನಾನೂ ನಗ್ತಿದ್ದೆ ಕಣೋ, ಮೊದಲು. ನನ್ನ ಥರಾನೇ ಇ... ಇತ್ತಲ್ಲ. ಎಲ್ಲಾರೂ ನ... ನಕ್ಕಾಗ ನಾಚಿಕೆ ಆಯ್ತು. ಅದು ಹೋ... ಹೋಗ್ತಿತ್ತು. ಇವನು ನಮ್ಮಣ್ಣ ಅಂತ ನೀ... ನೀನು ಹೇಳ್ತೀಯ ಅಂತ ಕಾದೆ. ಪೇಪರಲ್ಲಿ ನೋ... ನೋಡಿದೆ. ನಾನು ಯಾ... ಯಾರೋ ಆಗಿದ್ದೆ."

ಇಷ್ಟು ಹೇಳುವುದಕ್ಕೆ ಅಣ್ಣನಿಗೆ ಅರ್ಧ ಬೆಳಿಗ್ಗೆಯೇ ಹಿಡಿಯಿತು. ತಮ್ಮ ಈ ಸಲ ಅಳಲಿಲ್ಲ. ಅಳುವುದಕ್ಕೂ ತನಗೆ ಹಕ್ಕಿಲ್ಲ ಎನಿಸಿತ್ತು.

"ಇನ್ನೂ ಬೇಜಾರಿದೆಯಾ ಅಣ್ಣ?"

"ಇದೆ." ಆ ಒಂದು ಮಾತು ಎಲ್ಲೂ ತಡೆಯದೆ ಬಂತು.

ಆಮೇಲೆ ಅಣ್ಣ ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡು, ಊಟ ಮಾಡಿಕೊಂಡು ಹೋಗು ಎಂದು ಕೈಸನ್ನೆ ಮಾಡಿದ. ತಮ್ಮ ಉಂಡ. ಹೊರಡುವಾಗ ಅಣ್ಣನ ಮಗಳು, "ಬರ್ತಾ ಇರಿ ಚಿಕ್ಕಪ್ಪ. ಕಥೆ ಹೇಳೋದು ಬಿಟ್ಟ ಮೇಲೆ ಅಪ್ಪ ಇಷ್ಟು ಮಾತಾಡಿದ್ದು ನಾನು ಕೇಳೇ ಇರ್ಲಿಲ್ಲ," ಎಂದಳು. ಅದು ಅವನಿಗೆ ಸಮಾಧಾನ ತರಲಿಲ್ಲ, ಇನ್ನಷ್ಟು ಕುಗ್ಗಿಸಿತು.

ಸ್ಪರ್ಧೆಯ ಕುರ್ಚಿಯನ್ನು ಅವನು ಬಿಟ್ಟ. ಶೂಟಿಂಗ್ ಇಲ್ಲದ ದಿನ ಅಂಗಡಿಗೆ ಹೋಗಿ ಪರದೆಯ ಈಚೆ ಕೂರುವುದು ರೂಢಿಯಾಯಿತು. ಒಂದೊಂದು ದಿನ ಅಣ್ಣ ನಾಲ್ಕು ಮಾತಾಡುತ್ತಿದ್ದ, ಒಂದೊಂದು ದಿನ ತಲೆಯನ್ನೇ ಎತ್ತುತ್ತಿರಲಿಲ್ಲ. ಎರಡಕ್ಕೂ ತಮ್ಮ ಒಗ್ಗಿಕೊಂಡ.

ಅಷ್ಟು ಹೊತ್ತಿಗೆ ಹೊಸದೊಂದು ಧಾರಾವಾಹಿಯಲ್ಲಿ ಅವನಿಗೆ ಜಿಪುಣ ಮುದುಕನ ಪಾತ್ರ ಸಿಕ್ಕಿತ್ತು. ಅವನ ಮನಸ್ಸು ಎಂದಿನಂತೆ ತಾನಾಗಿಯೇ ಹೊರಟು, ತನ್ನ ಮನೆ ಬೀದಿಯ ಔಷಧಿ ಅಂಗಡಿಯವನ ಹತ್ತಿರ ಹೋಗಿ ನಿಂತಿತ್ತು. ಕನ್ನಡಕದ ಮೇಲಿಂದ ನೋಡುವ ರೀತಿ, ಮಾತ್ರೆಯ ಪಟ್ಟಿಯನ್ನು ಕತ್ತರಿಸುವಾಗ ತುಟಿ ಒಳಗೆಳೆದುಕೊಳ್ಳುವುದು. ಹಾಗೆ ಎಷ್ಟು ಜನರನ್ನು ಹೊತ್ತು ತಂದಿದ್ದ! ನೆರೆಮನೆಯ ಅತ್ತೆ, ಶಾಲೆಯ ಗಣಿತದ ಮೇಷ್ಟ್ರು, ಸಾಯುವ ಮುಂಚೆ ಅಪ್ಪ ಉಸಿರು ಎಳೆದುಕೊಂಡ ಬಗೆ. ಒಬ್ಬರನ್ನೂ ಕೇಳಿರಲಿಲ್ಲ. ಈ ಸಲ ಕೇಳೋಣ ಎಂದು ಅಂಗಡಿಗೆ ಹೋದ.

"ನನ್ನನ್ನಾ?" ಎಂದು ಔಷಧಿ ಅಂಗಡಿಯವನು ಗಾಬರಿಯಾದ. "ನಾನೇನ್ ಮಾಡ್ತೀನಿ ಸಾರ್?" ವಿವರಿಸಿದ ಮೇಲೆ ಯೋಚಿಸಿ, "ಬೇಡ ಸಾರ್, ಮಗಳ ಮನೆಯವರೆಲ್ಲ ನೋಡ್ತಾರೆ," ಎಂದ.

ಆ ಪಾತ್ರ ಸಪ್ಪೆಯಾಗಿಯೇ ಬಂತು. ನಿರ್ದೇಶಕ ವಯಸ್ಸಾಯಿತು ಎಂದುಕೊಂಡು ಸುಮ್ಮನಾದ. ತಮ್ಮ ಅದನ್ನೆಲ್ಲ ಅಣ್ಣನಿಗೆ ಹೇಳಿ, ಇಷ್ಟು ದಿನ ಕೇಳಲು ಧೈರ್ಯವಿಲ್ಲದ ಒಂದನ್ನು ಕೇಳಿದ.

"ಅವತ್ತು ನಿನ್ನ ಕೇಳಿದ್ರೆ, ಮಾಡ್ಕೋ ಅಂತಿದ್ಯಾ?"

ಅಣ್ಣ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯ ಕಣ್ಣಿಗೆ ಪೋಣಿಸುತ್ತ ಯೋಚಿಸಿದ.

"ಗೊ... ಗೊತ್ತಿಲ್ಲ ಕಣೋ," ಎಂದ.

ಬೇಡ ಎಂದಿದ್ದರೆ ಸಾಕ್ಷಿ ಇರುತ್ತಿರಲಿಲ್ಲ, ಈ ನಟನೂ ಇರುತ್ತಿರಲಿಲ್ಲ. ಅದು ಗೊತ್ತಿದ್ದದ್ದರಿಂದಲೇ ತಾನು ಅಂದು ಕೇಳಲಿಲ್ಲವೇನೋ ಎಂದು ತಮ್ಮನಿಗೆ ಅನಿಸಿತು. ಅದನ್ನು ಅಣ್ಣನಿಗೆ ಹೇಳಿದ. ಅಣ್ಣ ಅಲ್ಲ ಎನ್ನಲಿಲ್ಲ. ಕೋಟಿನ ಇನ್ನೊಂದು ತೋಳನ್ನು ಅವನ ಕಡೆಗೆ ಚಾಚಿ, ಮಡಿಕೆ ಬೀಳದ ಹಾಗೆ ಹಿಡಿದುಕೋ ಎಂದು ಸನ್ನೆ ಮಾಡಿದ.